ಆಡಿ ತಿಂಗಳಲ್ಲಿ ಹೊರಟ ಫ್ಲಾಪಿ

ಸುಳ್ಳು ಹೇಳಿ ನನಗೇನೂ ಸಿಗಬೇಕಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಬರೆದ ಒಂದು ಪ್ರೋಗ್ರಾಮಿನಿಂದ ಒಬ್ಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಯಾಕೆ ಹಾಗಾಯಿತು ಅನ್ನುವುದು ಹತ್ತು ದಿನ ನನಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ತಲೆ ಇನ್ನಷ್ಟು ಕೆಟ್ಟಿತು.

ತೊಂಬತ್ತರ ದಶಕದ ಕೊನೆ. ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ಬಸ್ಸು ಹಿಡಿದು ರಾಬರ್ಟ್‌ಸನ್‌ಪೇಟೆಗೆ ಹೋಗುತ್ತಿದ್ದೆ. ಅಲ್ಲಿ ಮಾರ್ಕೆಟ್ ಹತ್ತಿರ, ಪಾತ್ರೆ ಅಂಗಡಿಯ ಮಹಡಿ ಮೇಲೆ, ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವ ಕೆಲಸ. ಮುಂದಿನ ಕೋಣೆಯಲ್ಲಿ ಒಂದು ಮೆಷಿನ್ನು, ಹಿಂದಿನ ಕೋಣೆಯಲ್ಲಿ ಎರಡು. ಸೆಂಟರಿನ ಯಜಮಾನರು ತಮಿಳರು, ನಂದಿದುರ್ಗ ಅನ್ನುವ ಚಿನ್ನದ ಗಣಿಯ ಕಾರ್ಮಿಕರ ಲೈನು ಮನೆಯಲ್ಲಿ ಹುಟ್ಟಿ ಬೆಳೆದವರು. ನಾನು ಅವರನ್ನು ಅಣ್ಣಾ ಅನ್ನುತ್ತಿದ್ದೆ. ಅವರಿಗೆ ಜಗತ್ತಿನ ಹೆಂಗಸರೆಲ್ಲ ‘ಅಮ್ಮಾ’, ಬೈಯುವಾಗಲೂ.

ಪಾಠ ಇಲ್ಲದ ಹೊತ್ತಿನಲ್ಲಿ ನಾನೊಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಹಸುವಿಗೆ ಗಬ್ಬ ಕಟ್ಟಲು ಸೂಜಿ ಹಾಕಿಸಿದ ದಿನ ಕೊಟ್ಟರೆ ಯಾವತ್ತು ಕರು ಹಾಕುತ್ತದೆ, ಯಾವತ್ತಿನಿಂದ ಹಾಲು ಕರೆಯುವುದನ್ನು ನಿಲ್ಲಿಸಿ ಬತ್ತಿಸಬೇಕು ಅಂತ ಹೇಳುವ ಪ್ರೋಗ್ರಾಂ. ಮಾರುತ್ತಿರಲಿಲ್ಲ. ಕೇಳಿದವರಿಗೆಲ್ಲ ಫ್ಲಾಪಿಯಲ್ಲಿ ಪುಕ್ಕಟೆ ಕೊಡುತ್ತಿದ್ದೆವು. ಜೊತೆಗೆ ನಾನು ಬರೆದ ಸಾಲುಗಳನ್ನೂ ಹಾಗೇ ತೆರೆದು ಕೊಡುತ್ತಿದ್ದೆವು, ತಪ್ಪು ಕಂಡವರು ತಿದ್ದಿಕೊಳ್ಳಲಿ, ತಿದ್ದಿದ್ದನ್ನು ನಮಗೂ ಕಳಿಸಲಿ ಅಂತ. ಹಾಗೆ ಮಾಡುವವರು ದೇಶದೇಶಗಳಲ್ಲಿ ಇದ್ದಾರೆ ಅಂತ ಒಂದು ಪತ್ರಿಕೆಯ ಜೊತೆ ಬಂದ ಸೀಡಿಯಲ್ಲಿ ಓದಿ ನನಗೆ ಹುಚ್ಚು ಹಿಡಿದಿತ್ತು. ಏಳೆಂಟು ಹಳ್ಳಿ ಡೈರಿಗಳಿಗೆ ಯಾರೋ ಪುಣ್ಯಾತ್ಮರು ಹಳೆ ಕಂಪ್ಯೂಟರ್ ಕೊಡಿಸಿದ್ದರು. ಅಲ್ಲೆಲ್ಲ ನಮ್ಮ ಪ್ರೋಗ್ರಾಮೇ ಓಡುತ್ತಿತ್ತು.

ತೊಂದರೆ ಏನೆಂದರೆ ಬಿಡುಗಡೆ. ಪ್ರತಿ ಸಲ ಏನಾದರೂ ತಿದ್ದಿದರೆ ಸಾಲುಗಳನ್ನು ಓಡುವ ಪ್ರೋಗ್ರಾಮಾಗಿ ಕಟ್ಟಬೇಕು, ಹೊಸ ನಂಬರ್ ಹಾಕಬೇಕು, ವೈರಸ್ ನೋಡಬೇಕು, ಒಂದೊಂದೇ ಫ್ಲಾಪಿಗೆ ಕಾಪಿ ಮಾಡಬೇಕು, ಲೇಬಲ್ ಅಂಟಿಸಬೇಕು. ಅಣ್ಣ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಒಂದೊಂದಕ್ಕೂ ಟಿಕ್ ಹಾಕುತ್ತಾ ಮಾಡುತ್ತಿದ್ದರು. ಆದರೂ ಒಂದು ಸಲ ಖಾಲಿ ಫ್ಲಾಪಿ ಹೋಯಿತು, ಇನ್ನೊಂದು ಸಲ ಯಾರದೋ ಮದುವೆ ಪತ್ರಿಕೆ ಹೋಯಿತು. ನನಗೆ ರೇಗಿತು. ಕೂತು ಒಂದು ಬ್ಯಾಚ್ ಫೈಲ್ ಬರೆದೆ. ಒಂದು ಪದ ಒತ್ತಿ ಎಂಟರ್ ಹೊಡೆದರೆ ಎಲ್ಲ ಕೆಲಸ ತಾನೇ ಆಗಬೇಕು, ಮನುಷ್ಯರು ಫ್ಲಾಪಿ ತುರುಕಿ ತೆಗೆದರೆ ಸಾಕು. ಕೊನೆಯಲ್ಲಿ ಸ್ಕ್ರೀನ್ ಒರೆಸಿ ದೊಡ್ಡದಾಗಿ ‘ಎಲ್ಲ ಸರಿಯಾಗಿದೆ’ ಅಂತ ಬರುವ ಹಾಗೆ ಮಾಡಿದೆ. ಅದನ್ನು ನೋಡಿ ನನಗೇ ಹೆಮ್ಮೆ.

ನಾಳೆಯಿಂದ ಶುರು ಮಾಡೋಣ ಅಂದರೆ ಅಣ್ಣ ಒಪ್ಪಲಿಲ್ಲ.

"ಆಡಿ ಮಾಸದಲ್ಲಿ ಯಾರಾದ್ರೂ ಹೊಸದು ಶುರು ಮಾಡ್ತಾರಾ ಅಮ್ಮಾ?"

"ಆಷಾಢ ಮುಗೀತಲ್ಲಣ್ಣಾ. ನಿನ್ನೆಯಿಂದ ಶ್ರಾವಣ."

"ನಿಂದು ಮುಗೀತು. ನಮ್ ತಮಿಳರ ಆಡಿ ಇನ್ನೂ ಮೂರು ವಾರ ಇದೆ."

"ಒಂದೇ ಊರಲ್ಲಿ ಎರಡೆರಡು ಆಷಾಢ ಇದ್ರೆ ಪಾಪ ಕಂಪ್ಯೂಟರ್ ಯಾರ್ದು ಕೇಳ್ಬೇಕು?"

"ಕಂಪ್ಯೂಟರ್ ಯಾರ್ದು? ನಂದಲ್ವಾ? ನಂದೇ ಕೇಳ್ಲಿ."

ಮುಖ ಊದಿಸಿಕೊಂಡು ಮನೆಗೆ ಹೋದೆ. ಮಾರನೇ ದಿನ ಬೆಳಿಗ್ಗೆ ಬಂದರೆ ಮುಂದಿನ ಕೋಣೆಯ ಮೆಷಿನ್ನಿನ ಹಣೆಗೆ ಕುಂಕುಮ, ಪಕ್ಕದಲ್ಲಿ ಹೆಚ್ಚಿದ ನಿಂಬೆಹಣ್ಣು, ಊದುಬತ್ತಿ.

"ಓಡಿಸಿಬಿಟ್ಟೆ ಅಮ್ಮಾ," ಅಂದರು. "ನಿನ್ ಬ್ಯಾಚ್ ಫೈಲು ಒಳ್ಳೆ ದಿನದಲ್ಲೇ ಶುರು ಆಯ್ತು. ಈಗ ಕುಷಿನಾ?"

ಆಡಿಯಲ್ಲಿ ಒಳ್ಳೆ ದಿನ ಎಲ್ಲಿಂದ ಬಂತು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಕುಷಿಯಾಗಿಬಿಟ್ಟಿದ್ದೆ. ನಾಲ್ಕನೇ ನಂಬರಿನ ಫ್ಲಾಪಿಗಳು ಆವತ್ತೇ ಬಸ್ಸು ಹತ್ತಿದವು.

ಎರಡು ದಿನ ಕಳೆದು ಕುಪ್ಪಂ ಕಡೆಯವರೊಬ್ಬರು ನಮ್ಮ ಫ್ಲಾಪಿಯನ್ನೇ ವಾಪಸ್ ಕಳಿಸಿದ್ದರು. ಜೊತೆಗೆ ತೆಲುಗಿನಲ್ಲಿ ಒಂದು ಚೀಟಿ: ನಿಮ್ಮ ಪ್ರೋಗ್ರಾಂ ಎಮ್ಮೆಯನ್ನೂ ಹಸು ಅಂದುಕೊಂಡಿದೆ, ನಾಲ್ಕು ಸಾಲು ತಿದ್ದಿದ್ದೇನೆ, ನೋಡಿಕೊಳ್ಳಿ. ನಾಚಿಕೆಯಿಂದ ಸತ್ತೆ. ನಮ್ಮ ಮನೆಯಲ್ಲಿ ಯಾವತ್ತೂ ಸೀಮೆಹಸುಗಳೇ, ಎಮ್ಮೆ ಕಟ್ಟಿದವರಲ್ಲ. ಎಮ್ಮೆ ಹಸುವಿಗಿಂತ ಒಂದು ತಿಂಗಳು ಜಾಸ್ತಿ ಹೊರುತ್ತದೆ ಅನ್ನುವುದು ಹಳ್ಳಿಯಲ್ಲಿ ಹುಟ್ಟಿದ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಆ ಚೀಟಿ ಕೈಯಲ್ಲಿರುವಾಗಲೇ ಕಾಮಸಮುದ್ರ ಕಡೆಯ ಒಂದು ಹಳ್ಳಿ ಡೈರಿಯ ಸೆಕ್ರೆಟರಿ ಮೆಟ್ಟಿಲು ಹತ್ತಿ ಬಂದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ಆ ಕೆಲಸದಲ್ಲೇ ಮನೆ ನಡೆಸುತ್ತಿದ್ದರು. ಬಂದವರು ಕೂರಲೂ ಇಲ್ಲ.

"ಏನಮ್ಮಣ್ಣಿ, ಎಮ್ಮೆಗೂ ಅಸೂಗೂ ಯತ್ಯಾಸ ಗೊತ್ತಿಲ್ವಾ ನಿಂಗೆ?"

"ಅಕ್ಕಾ, ಇವತ್ತೇ ಗೊತ್ತಾಯ್ತು."

"ಇವತ್ತು ಗೊತ್ತಾಯ್ತಂತೆ! ನಮ್ಮೂರಲ್ಲಿ ಒಬ್ಬ ನಿನ್ ಮಿಷಿನ್ ಏಳ್ತು ಅಂತ ಎಮ್ಮೆ ಬತ್ತಿಸ್ಬುಟ್ಟವ್ನೆ. ಇನ್ನೂ ಒಂದು ತಿಂಗ್ಳು ಆಲು ಕರೀಬೌದಾಗಿತ್ತು. ಈಗ ದಿನಾ ಬೆಳಿಗ್ಗೆ ಡೈರಿ ಮುಂದೆ ನಿಂತ್ಕಂಡು, ಈ ಯಮ್ಮನ್ನ ತೆಗೀರಿ, ಈ ಯಮ್ಮನ್ನ ತೆಗೀರಿ ಅಂತಾವ್ನೆ."

ವಿಷಯ ಅಷ್ಟೇ ಆಗಿರಲಿಲ್ಲ. ಎರಡು ವಾರದೊಳಗೆ ಡೈರಿಯ ಸದಸ್ಯರ ಸಭೆ ಇತ್ತು. ಪುಸ್ತಕ ಬಿಟ್ಟು ಕಂಪ್ಯೂಟರ್ ನಂಬೋಣ ಅಂತ ಊರನ್ನೆಲ್ಲ ಒಪ್ಪಿಸಿದವರು ಇವರೇ. ಅಷ್ಟರೊಳಗೆ ಮೆಷಿನ್ನು ಸರಿ ತಾರೀಕು ಹೇಳದಿದ್ದರೆ ಸೆಕ್ರೆಟರಿ ಬದಲಾಗುವುದು ಖಂಡಿತ. ಆ ಕೆಲಸಕ್ಕೆ ಊರ ಮುಖಂಡರೊಬ್ಬರು ತಮ್ಮ ತಮ್ಮನನ್ನು ತಯಾರು ಮಾಡಿ ಇಟ್ಟಿದ್ದರು.

"ಇವತ್ತೇ ಸರಿ ಮಾಡಿ ಕೊಡ್ತೀನಿ ಅಕ್ಕಾ," ಅಂದೆ.

ಹಿಂದಿನ ಕೋಣೆಯ ಮೆಷಿನ್ನಿನಲ್ಲಿ ಆ ನಾಲ್ಕು ಸಾಲು ಸೇರಿಸಿದೆ, ಕಟ್ಟಿ ನೋಡಿದೆ, ಎಮ್ಮೆಗೆ ಎಮ್ಮೆಯ ದಿನವೇ ಬಂತು. ಆ ಸಾಲುಗಳನ್ನು ಮುಂದಿನ ಮೆಷಿನ್ನಿಗೆ ಹಾಕಿ ನನ್ನ ಬ್ಯಾಚ್ ಫೈಲ್ ಓಡಿಸಿದೆ. ‘ಎಲ್ಲ ಸರಿಯಾಗಿದೆ’ ಅಂತ ಬಂತು. ಐದನೇ ನಂಬರಿನ ಲೇಬಲ್ ಅಂಟಿಸಿ ಕೈಗೆ ಕೊಟ್ಟೆ.

ಎರಡನೇ ದಿನ ಫೋನು. "ಅದೇ ತಾರೀಕು ತೋರಿಸ್ತದಲ್ಲಮ್ಮಾ."

"ಇರಲ್ಲ ಅಕ್ಕಾ. ಹಳೆ ಫ್ಲಾಪಿ ಹಾಕಿರ್ತೀರ."

"ಐದು ಅಂತ ಬರ್ದೈತೆ ಕಣಮ್ಮಾ ಮೇಲೆ. ಕಣ್ಣು ಕಾಣ್ತದೆ ನಂಗೆ."

ಹಿಂದಿನ ಮೆಷಿನ್ನಿನಲ್ಲಿ ಮತ್ತೆ ನೋಡಿದೆ. ಸರಿ ಇತ್ತು. ಮುಂದಿನ ಮೆಷಿನ್ನಿನಲ್ಲಿದ್ದ ಸಾಲುಗಳನ್ನು ತೆರೆದು ನೋಡಿದೆ. ಆ ನಾಲ್ಕೂ ಸಾಲು ಅಲ್ಲೇ ಕೂತಿದ್ದವು. ಮತ್ತೆ ಬ್ಯಾಚ್ ಫೈಲ್ ಓಡಿಸಿದೆ, ಆರನೇ ನಂಬರ್ ಆಯಿತು, ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಮತ್ತೆ ಫೋನು. ಈ ಸಲ ಅವರು ಬೈಯಲಿಲ್ಲ. "ಅದೇ ತಾರೀಕು," ಅಂದು ಇಟ್ಟುಬಿಟ್ಟರು. ಬೈದಿದ್ದರೆ ವಾಸಿಯಾಗಿತ್ತು.

ಸರಿಯಾದ ಸಾಲು ಇದೆ, ಸರಿಯಾದ ನಂಬರ್ ಇದೆ, ತಪ್ಪು ಉತ್ತರ ಬರುತ್ತಿದೆ. ಫ್ಲಾಪಿ ಕೆಟ್ಟಿದೆಯಾ ಅಂತ ಹೊಸ ಡಬ್ಬ ತೆಗೆಸಿದೆ. ವೈರಸ್ ಇರಬಹುದಾ ಅಂತ ಅರ್ಧ ದಿನ ನೋಡಿದೆ. ಅವರ ಕಂಪ್ಯೂಟರೇ ಹಾಳಾಗಿದೆಯಾ ಅಂದುಕೊಂಡೆ. ಬಸ್ಸಿನಲ್ಲಿ ಪಕ್ಕ ಕೂತವರು ಎರಡು ಸಲ ಏನಾಯ್ತಮ್ಮಾ ಅಂತ ಕೇಳಿದರು, ನಾನು ಬೆರಳು ಮಡಚಿಕೊಂಡು ಏನೋ ಗೊಣಗುತ್ತಿದ್ದೆನಂತೆ. ಅಣ್ಣನನ್ನು ಕೇಳಿದರೆ, "ಆಡಿ ಅಮ್ಮಾ, ನಾನು ಹೇಳ್ಲಿಲ್ವಾ?" ಅನ್ನುತ್ತಿದ್ದರು. ನನಗೆ ಅವರ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಸಭೆ ಭಾನುವಾರ ಅಂದರೆ ಗುರುವಾರ ಮಧ್ಯಾಹ್ನ ಸೆಕ್ರೆಟರಿ ಮತ್ತೆ ಬಂದರು. ಈ ಸಲ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು.

"ನನ್ ಮುಂದೆ ಮಾಡು. ಏನ್ ಮಾಡ್ತೀಯೋ ನೋಡ್ತೀನಿ."

ಬ್ಯಾಚ್ ಫೈಲ್ ಓಡಿಸಿದೆ. ‘ಎಲ್ಲ ಸರಿಯಾಗಿದೆ.’ ಫ್ಲಾಪಿಯಲ್ಲಿ ಏನೇನಿದೆ ಅಂತ ತೋರಿಸಲು ಫೈಲುಗಳ ಪಟ್ಟಿ ಹಾಕಿದೆ. ಹೆಸರು, ಸೈಜು, ತಾರೀಕು, ಹೊತ್ತು. ನಾನು ಹೆಸರು ನೋಡುತ್ತಿದ್ದೆ. ಅವರು ತಾರೀಕಿನ ಮೇಲೆ ಬೆರಳಿಟ್ಟರು. ಇಪ್ಪತ್ತು ವರ್ಷದಿಂದ ಹಸು ಎಮ್ಮೆಗಳ ತಾರೀಕು ನೋಡಿಕೊಂಡೇ ಬಂದ ಕಣ್ಣು ಅದು.

"ಇದೇನಮ್ಮಣ್ಣಿ? ಇದು ಇನ್ನೂ ಅತ್ತು ದಿನ ಆಚೆ ಬರೋ ತಾರೀಕಲ್ವಾ?"

ಹೌದು. ಕಟ್ಟಿದ ಪ್ರೋಗ್ರಾಮಿನ ತಾರೀಕು ಇನ್ನೂ ಬಂದೇ ಇರಲಿಲ್ಲ.

ನಾನು ತಿರುಗಿ ಅಣ್ಣನ ಮುಖ ನೋಡಿದೆ. ಅವರು ಕಿಟಕಿ ಕಡೆ ನೋಡಿದರು.

"ಅಣ್ಣಾ?"

"ಒಳ್ಳೇದಕ್ಕೇ ಮಾಡಿದ್ದು ಅಮ್ಮಾ. ನೀನು ಹಟ ಹಿಡಿದೆ. ನನಗೆ ಆಡೀಲಿ ಶುರು ಮಾಡೋಕೆ ಮನಸ್ಸಿಲ್ಲ. ಅದಕ್ಕೆ ಮೆಷಿನ್ ತಾರೀಕು ತಿರುಗಿಸಿ, ಆಡಿ ಮುಗಿದ ಮೇಲೆ ಬರೋ ಆವಣಿ ಮೂರನೇ ದಿನಕ್ಕೆ ಇಟ್ಟೆ, ಒಂದು ಸಲ ಓಡಿಸ್ದೆ, ಆಮೇಲೆ ವಾಪಸ್ ತಿರುಗಿಸ್ದೆ. ನಿಂಗೂ ಬೇಜಾರಿಲ್ಲ, ದೇವರಿಗೂ ಬೇಜಾರಿಲ್ಲ."

ಆಗ ಅರ್ಥವಾಯಿತು. ಆ ಮೆಷಿನ್ನು ಬಹಳ ನಿಧಾನ. ಅದಕ್ಕೇ ನಾನು ಪ್ರತಿ ಸಲ ಎಲ್ಲವನ್ನೂ ಮೊದಲಿನಿಂದ ಕಟ್ಟದ ಹಾಗೆ ಮಾಡಿದ್ದೆ. ಬರೆದ ಸಾಲುಗಳು ಕಟ್ಟಿದ ಪ್ರೋಗ್ರಾಮಿಗಿಂತ ಹೊಸದಾಗಿದ್ದರೆ ಮಾತ್ರ ಮತ್ತೆ ಕಟ್ಟು, ಇಲ್ಲದಿದ್ದರೆ ಬಿಡು ಅಂತ. ಹೊಸದೋ ಹಳೆಯದೋ ಅನ್ನುವುದನ್ನು ಅದು ತಾರೀಕು ನೋಡಿ ಹೇಳುತ್ತಿತ್ತು. ಅಣ್ಣ ಕಟ್ಟಿದ್ದರ ತಾರೀಕು ಆವಣಿಯದು. ನಾನು ತಿದ್ದಿದ್ದೆಲ್ಲ ಅದಕ್ಕಿಂತ ಹಳೆಯದು. ಹಾಗಾಗಿ ಅದು ಒಂದು ಸಲವೂ ಕಟ್ಟಿರಲಿಲ್ಲ. ನಂಬರ್ ಮಾತ್ರ ಏರಿಸಿ ಏರಿಸಿ ಹಳೆಯದನ್ನೇ ಕಳಿಸುತ್ತಿತ್ತು. ಕಟ್ಟಲು ಏನೂ ಇಲ್ಲ ಅಂತ ಅದು ಪಾಪ ಪ್ರತಿ ಸಲ ಒಂದು ಸಾಲು ಹೇಳುತ್ತಲೂ ಇತ್ತು. ಸ್ಕ್ರೀನ್ ಅಂದವಾಗಿ ಕಾಣಲಿ ಅಂತ ಆ ಸಾಲನ್ನು ಒರೆಸಿ ಹಾಕಿದವಳು ನಾನೇ.

ಇದನ್ನೆಲ್ಲ ಸೆಕ್ರೆಟರಿಗೆ ಹೇಳಿದೆ. ಅವರು ಮೊದಲು ಅಣ್ಣನ ಕಡೆ ತಿರುಗಿದರು.

"ಅಲ್ಲಣ್ಣಾ, ಕ್ಯಾಲೆಂಡರ್ ಆಳೆ ಮುಂದಕ್ಕೆ ತಿರುಗ್ಸಿದ್ರೆ ಎಮ್ಮೆ ಬೇಗ ಕರು ಆಕ್ತದಾ?"

ಆಮೇಲೆ ನನ್ನ ಕಡೆ. "ನೀನು ನೋಡ್ದೇನೇ ಎಲ್ಲ ಸರಿ ಅಂತ ಬರ್ದಿಕ್ಕಿದ್ಯಲ್ಲ, ಅದು?"

ಕಟ್ಟಿದ ತುಂಡುಗಳನ್ನೆಲ್ಲ ಅಳಿಸಿ ಮೊದಲಿನಿಂದ ಕಟ್ಟಿದೆ. ಮುಕ್ಕಾಲು ಗಂಟೆ ಹಿಡಿಯಿತು, ಮೂವರೂ ಟೀ ಕುಡಿದೆವು. ಎಮ್ಮೆಗೆ ಸರಿಯಾದ ತಾರೀಕು ಬಂತು. ಆದರೂ ಅವರು ಫ್ಲಾಪಿ ಮುಟ್ಟಲಿಲ್ಲ. ತಮ್ಮ ಡೈರಿಯ ಎಮ್ಮೆಗಳನ್ನೆಲ್ಲ ಒಂದೊಂದಾಗಿ ಹೇಳಿ, ಮೆಷಿನ್ನಿನ ಉತ್ತರ ಬರುವ ಮೊದಲೇ ಬೆರಳ ಗೆಣ್ಣಿನಲ್ಲಿ ತಿಂಗಳು ಎಣಿಸಿ ತಮ್ಮ ಉತ್ತರ ಹೇಳಿ, ಎರಡೂ ಸೇರಿದ ಮೇಲೆ ‘ಊಂ’ ಅಂದು ಮುಂದಕ್ಕೆ ಹೋದರು. ಎಲ್ಲ ಮುಗಿದಾಗ ಅವರ ಕೊನೆಯ ಬಸ್ಸಿಗೆ ಹತ್ತು ನಿಮಿಷ ಇತ್ತು.

"ಇನ್ಮೇಲೆ ನಂಗೆ ಬರೋ ಫ್ಲಾಪಿ ಇಂಗೇ ಬರ್ಬೇಕು. ಯಾರಾದ್ರೂ ಮೂರು ಎಮ್ಮೆ ಎಣಿಸಿದ್ಮೇಲೆ."

"ಹಂಗಾದ್ರೆ ಅದು ತಾನಾಗೇ ಆಗೋದು ಹೆಂಗಕ್ಕಾ?"

"ಅದು ನಂಗೇನ್ ಗೊತ್ತು. ಓದಿರೋಳು ನೀನು."

ಭಾನುವಾರ ನಾನೂ ಆ ಊರಿಗೆ ಹೋದೆ. ಡೈರಿಯ ಮುಂದೆ ಜಮಖಾನ ಹಾಸಿದ್ದರು. ಎಮ್ಮೆ ಬತ್ತಿಸಿದವನು ಎದ್ದು ನಿಂತ.

"ಯಮ್ಮನ್ನೂ ತೆಗೀರಿ, ಡಬ್ಬಾನೂ ತೆಗೀರಿ."

"ತೆಗೀವಂತೆ ಕೂತ್ಕ," ಅಂದರು ಸೆಕ್ರೆಟರಿ. "ನಿನ್ನ ಎಮ್ಮೆಗೆ ಯಾವತ್ತು ಸೂಜಿ ಆಕ್ಸಿದ್ದು, ಏಳು."

ಅವನು ಹೇಳಿದ. ಅವರು ಮೆಷಿನ್ನು ಮುಟ್ಟದೆ ಎಲ್ಲರ ಮುಂದೆ ಗೆಣ್ಣು ಎಣಿಸಿದರು. ಆಮೇಲೆ ಒಳಗೆ ಹೋಗಿ ನೋಡಿ ಬಂದು ಅದೇ ತಾರೀಕು ಹೇಳಿದರು. ಮೊದಲು ಬಂದದ್ದು ತಪ್ಪು ಅನ್ನುವುದನ್ನೂ, ತಿದ್ದಿದ ಮೇಲೂ ಅದು ಯಾಕೆ ಹೋಗಲಿಲ್ಲ ಅನ್ನುವುದನ್ನೂ ಬಿಡಿಸಿ ಹೇಳಿದರು, ಆಡಿ, ಆವಣಿ, ಎಲ್ಲ. ಹೆಂಗಸರು ನಕ್ಕರು. ಒಬ್ಬ ಅಜ್ಜ ಮಾತ್ರ, ತಿರುಗಿಸಿದ್ದು ಸರಿಯಾಗೇ ಐತಲ್ಲ, ಆಡೀಲಿ ಯಾರು ಶುರು ಮಾಡ್ತಾರೆ ಅಂದ. ಅದಕ್ಕೆ ಅರ್ಧ ಜನ ತಲೆ ಆಡಿಸಿದರು. ನಾನು ತಲೆ ತಗ್ಗಿಸಿ ಕೂತೆ.

ಕೊನೆಗೆ, ಇನ್ನೊಂದು ವರ್ಷ ಈ ಯಮ್ಮನೇ ಇರಲಿ ಅಂತ ಆಯಿತು. ಒಂದು ಷರತ್ತು: ಮೊದಲು ಇವರು ಎಣಿಸಬೇಕು, ಆಮೇಲೆ ಮೆಷಿನ್ನು. ಕೆಲಸ ಉಳಿಯಿತು. ಆದರೆ ಮೆಷಿನ್ನು ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಬ್ಯಾಚ್ ಫೈಲಿಗೆ ಮಧ್ಯದಲ್ಲಿ ಒಂದು ತಡೆ ಹಾಕಿದೆ. ಅದು ನಿಂತು ಮೂರು ಎಮ್ಮೆಗಳ ತಾರೀಕು ಕೇಳುತ್ತದೆ, ಮನುಷ್ಯರು ಎಣಿಸಿ ತುಂಬಬೇಕು, ಸೇರದಿದ್ದರೆ ಫ್ಲಾಪಿ ಇಲ್ಲ. ಅಣ್ಣ ಪ್ರತಿ ಸಲ ನನ್ನನ್ನು ಕರೆಯುತ್ತಿದ್ದರು, ಅವರಿಗೆ ಎಮ್ಮೆ ಲೆಕ್ಕ ಬರುತ್ತಿರಲಿಲ್ಲ. ಕೈಯಲ್ಲಿ ಮಾಡುತ್ತಿದ್ದಾಗಿನಷ್ಟೇ ಹೊತ್ತು ಹಿಡಿಯುತ್ತಿತ್ತು.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಸೆಕ್ರೆಟರಿಯ ಫೋನು ಬಂತು.

"ಅಮ್ಮಣ್ಣಿ, ಆ ಬತ್ತಿಸಿದ್ನಲ್ಲ, ಅವ್ನ ಎಮ್ಮೆ ಈಯ್ತು. ಎಣ್ಣು ಕರು. ಆದ್ರೆ ಆರು ದಿನ ಮುಂಚೆ ಈಯ್ತು. ನಿನ್ ಮಿಷಿನ್ನಿಗಿಂತಾನೂ ಮುಂಚೆ, ನನ್ ಎಣಿಕೆಗಿಂತಾನೂ ಮುಂಚೆ. ಅವ್ನು ಬಂದು ನಿಂತವ್ನೆ ಇಲ್ಲಿ. ಏನ್ ಏಳ್ಲಿ?"

ನಾನು ರಿಸೀವರ್ ಹಿಡಿದುಕೊಂಡು ಅಣ್ಣನ ಮುಖ ನೋಡಿದೆ. ಏನಂತೆ ಅಂತ ಕೈಸನ್ನೆಯಲ್ಲಿ ಕೇಳಿದರು. ಆ ಕಡೆಯಿಂದ, "ಅಲೋ, ಇದ್ದೀಯಾ?" ಅಂತ ಸೆಕ್ರೆಟರಿ ಎರಡು ಸಲ ಕೂಗಿದರು.

"ಇದ್ದೀನಿ ಅಕ್ಕಾ," ಅಂದೆ. "ಕರು ಚೆನ್ನಾಗಿದೆಯಾ?"