ಹಾಡಿಲ್ಲದ ಆಲ್ಬಮ್ ಕೇಳಿದವರು

ಆ ಭಾನುವಾರ ಬೆಳಿಗ್ಗೆ ಮಾವನ ಹೊಸ ಆಲ್ಬಮ್ಮನ್ನು ಭಜನಾ ಮೇಳದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ನಾನೇ. ಹಾಕಿದ ಮೇಲೆ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಮಾವ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಅತ್ತೆಗೆಂದು ಅಡಿಕೆ ಕತ್ತರಿಸುತ್ತಿದ್ದ. ಅತ್ತೆಗೆ ಅಷ್ಟು ಅಡಿಕೆ ಒಂದು ವಾರಕ್ಕೂ ಹೆಚ್ಚಾಗುತ್ತಿತ್ತು. ಅವನಿಗೆ ಬೇಕಾದದ್ದು ಫೋನಿನ ಕಡೆ ನೋಡದೆ ಇರಲು ಒಂದು ಕೆಲಸ, ಅಷ್ಟೇ.

ಮಾವ ನನ್ನ ತಾಯಿಯ ಅಣ್ಣ. ಪೇಟಿ ಬಾರಿಸಿಕೊಂಡು ತತ್ವಪದ ಹಾಡುವವನು, ಮೇಳದವರಿಗೆಲ್ಲ ಮಾಸ್ತರ. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ನಾನು ಚಿಕ್ಕವಳಿದ್ದಾಗ ಯಾದಗಿರಿ ಬಸ್ ಸ್ಟ್ಯಾಂಡಿನ ಅಂಗಡಿಯೊಂದರಲ್ಲಿ ಅವನ ಕ್ಯಾಸೆಟ್ಟುಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತಿದ್ದರು. ಆಮೇಲೆ ಅವೇ ಹಾಡುಗಳು ಪೆನ್ ಡ್ರೈವಿಗೆ ಬಂದು, ಹತ್ತಿ ಹೇರಿದ ಟ್ರ್ಯಾಕ್ಟರುಗಳಲ್ಲಿ ಕೇಳಿಸತೊಡಗಿದವು. ಟ್ರ್ಯಾಕ್ಟರ್ ತಿರುವು ದಾಟಿದ ಮೇಲೂ ಅವನ ದನಿ ಸ್ವಲ್ಪ ಹೊತ್ತು ರಸ್ತೆಯಲ್ಲೇ ಉಳಿಯುತ್ತಿತ್ತು. ಅಷ್ಟು ದೊಡ್ಡ ದನಿ.

ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ ಶಹಾಪುರದ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದಾಗಿನಿಂದ ನಾನು ಮಾವನ ಮನೆಯಲ್ಲಿದ್ದೇನೆ. ದನಿ ಹೋದದ್ದು ನಾನು ಬಂದ ವರ್ಷವೇ. ಗಂಟಲಿನಲ್ಲಿ ಗಡ್ಡೆ ಇತ್ತು, ತೆಗೆದರು. ಗಡ್ಡೆ ಕೆಟ್ಟದ್ದಲ್ಲ ಎಂದು ಡಾಕ್ಟರು ಅವನಿಗೆ ಹೇಳಿದರು. ದನಿ ಮತ್ತೆ ಬರುವುದಿಲ್ಲ ಎಂಬುದನ್ನು ಬಾಗಿಲ ಹೊರಗೆ ನನಗೆ ಹೇಳಿದರು. ಈಗ ಅವನ ಮಾತೆಂದರೆ ಬರೀ ಉಸಿರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರೆ ತಿಳಿಯುತ್ತದೆ.

ಇದು ಮನೆಯ ಮೂವರಿಗಷ್ಟೇ ಗೊತ್ತಿತ್ತು. ಮೇಳದವರಿಗೆ ಕೆಮ್ಮು ಎಂದು ಹೇಳಿದ್ದೆವು. ಕಕ್ಕೇರಾದಿಂದಲೋ ಕೊಡೇಕಲ್ಲಿನಿಂದಲೋ ಅಮಾವಾಸ್ಯೆಯ ಭಜನೆಗೆ ಕರೆ ಬಂದಾಗಲೆಲ್ಲ ಅತ್ತೆಯೇ ಫೋನ್ ಎತ್ತಿ ಕೆಮ್ಮು ಇನ್ನೂ ಹೋಗಿಲ್ಲ ಎನ್ನುತ್ತಿದ್ದಳು. ಅಭಿಮಾನಿಗಳು ಜೇನುತುಪ್ಪ ಕಳಿಸಿದರು, ಜ್ಯೇಷ್ಠಮಧು ಕಳಿಸಿದರು. ಅತ್ತೆ ಅದನ್ನೆಲ್ಲ ಬಿಸಾಡಲೂ ಆಗದೆ, ಕೊಡಲೂ ಆಗದೆ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇಡುತ್ತ ಹೋದಳು.

ಆಲ್ಬಮ್ಮಿನ ವಿಚಾರ ಹುಟ್ಟಿದ್ದು ನನ್ನ ಇಯರ್‌ಫೋನಿನಿಂದ. ಹಾಸ್ಟೆಲಿನ ದಿನಗಳಿಂದ ನನಗೆ ಆಂಬಿಯೆಂಟ್ ಸಂಗೀತ ಕೇಳುವ ಅಭ್ಯಾಸ. ಒಂದು ಮಧ್ಯಾಹ್ನ ಮಾವ ಪಕ್ಕದಲ್ಲಿ ಕೂತು, ಒಂದು ಕಿವಿಯದನ್ನು ತೆಗೆದುಕೊಂಡು ತನ್ನ ಕಿವಿಗೆ ಹಾಕಿಕೊಂಡ. ಇದರಲ್ಲಿ ಹಾಡಿಲ್ಲ, ತಾಳವಿಲ್ಲ, ನಾದ ಮಾತ್ರ ಇರುತ್ತದೆ, ಅದರೊಳಗೆ ಸುಮ್ಮನೆ ಕೂತಿರುವುದು ಎಂದು ಹೇಳಿದೆ. ಅವನು ಮುಗಿಯುವವರೆಗೆ ಕೇಳಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಇದಕ್ಕ ಹಾಡಾಂವ ಬೇಕಾಗಿಲ್ಲ" ಎಂದ.

ಮುಂದೆ ಹಲವು ತಿಂಗಳು ನಾವು ಅದೇ ಕೆಲಸದಲ್ಲಿದ್ದೆವು. ಅವನು ಪೇಟಿಯಲ್ಲಿ ಒಂದೊಂದು ಸ್ವರವನ್ನು ಹಿಡಿದು ಬಿಡದೆ ಕೂರುತ್ತಿದ್ದ. ಯಾದಗಿರಿಯಲ್ಲಿ ಭೀಮಾ ಸೇತುವೆಯ ಮೇಲೆ ನಿಂತು ಗಾಳಿಯನ್ನು ರೆಕಾರ್ಡ್ ಮಾಡಿದೆವು. ಶಹಾಪುರದಲ್ಲಿ ಜಿನ್ನಿಂಗ್ ಮಿಲ್ಲಿನ ಗೋಡೆಗೆ ಫೋನ್ ಆನಿಸಿ, ಒಳಗೆ ಹತ್ತಿ ಬಿಡಿಸುವ ಯಂತ್ರದ ಮೊರೆತ ಹಿಡಿದೆವು. ಎರಡು ಸ್ವರಗಳ ನಡುವೆ ಅವನ ಉಸಿರು ಕೇಳಿಸುತ್ತಿತ್ತು. ಅದನ್ನು ತೆಗೆದುಬಿಡಲೇ ಎಂದು ಕೇಳಿದೆ. ಇರಲಿ ಎಂದು ಕೈ ಮಾಡಿದ.

ಅವನದು ಒಂದೇ ಷರತ್ತು. "ಮೊದಲ ಮೇಳದವ್ರು ಇದನ್ನ ಕೇಳಲಿ. ಕೇಳಿ ಛಲೋ ಅಂದ್ರ, ದನಿ ಹೋಗಿದ್ದು ನಾನ ಹೇಳತೀನಿ." ಛಲೋ ಎನ್ನದಿದ್ದರೆ ಏನು ಎಂದು ನಾನು ಕೇಳಲಿಲ್ಲ. ಹಾಡದೆಯೂ ತಾನು ಅವರಿಗೆ ಬೇಕೋ ಇಲ್ಲವೋ ಎಂಬುದೇ ಅವನ ಚಿಂತೆ ಎಂದು ನನಗೆ ಗೊತ್ತಿತ್ತು.

ಗ್ರೂಪಿಗೆ ಹಾಕುವಾಗ ಜೊತೆಗೆ ಬರೆಯಬೇಕಾದ ಸಾಲನ್ನೂ ಅವನೇ ಹೇಳಿದ: ಇದರಾಗ ಹಾಡಿಲ್ಲ, ಕಡೀತನಕ ಕೇಳ್ರಿ. ಚಿತ್ರವಾಗಿ ಅವನ ಪೇಟಿಯ ಫೋಟೋ ಹಾಕಿದೆ. ಬಾಯಿ ಮುಚ್ಚಿದ ಪೇಟಿ, ಕಪ್ಪು ಬಿಳುಪಿನಲ್ಲಿ.

ಮೊದಲು ಬಂದದ್ದು ಕೈ ಮುಗಿದ ಚಿತ್ರ. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಪರದೆಯ ತುಂಬ ಮುಗಿದ ಕೈಗಳು.

"ಮಾಮಾ, ಎಲ್ಲಾರೂ ಕೈ ಮುಗದಾರ" ಎಂದೆ.

ಅವನ ಕೈಯಲ್ಲಿ ಅಡಕೊತ್ತು ನಿಂತಿತು. ಮುಖದಲ್ಲಿ ಒಂದು ನಗು ಬಂತು. ಅಂಥ ನಗು ಆ ಮನೆಯಲ್ಲಿ ಬಹಳ ದಿನದಿಂದ ಕಂಡಿರಲಿಲ್ಲ. ಅತ್ತೆಯನ್ನು ಕರೆಯುವಂತೆ ಸನ್ನೆ ಮಾಡಿದ. ಅಷ್ಟರಲ್ಲಿ ವಡಗೇರಾದ ಒಬ್ಬ ಕಿರಾಣಿ ಅಂಗಡಿಯವರು ವಾಯ್ಸ್ ಮೆಸೇಜ್ ಕಳಿಸಿದರು. ಅವರು ಮಾವನ ಹಳೆಯ ಅಭಿಮಾನಿ. ಮೂವರೂ ಕೇಳಲೆಂದು ಜೋರಾಗಿ ಹಚ್ಚಿದೆ.

ಮೊದಲು ಬಿಕ್ಕುವ ಸದ್ದು. "ಹಿಂಗ ಒಂದ ಮಾತ ಹೇಳದಂಗ ಹೋದ್ರಲ್ರಿ ಮಾಸ್ತರ. ತಂಗಿ, ಮಣ್ಣು ಎಷ್ಟೊತ್ತಿಗಿ ಅಂತ ಹೇಳವ್ವ. ಅಂಗಡಿ ಮುಚ್ಚಿ ಬರ್ತೀನಿ."

ನಮ್ಮ ಮೇಳದವರಲ್ಲಿ ಒಂದು ರೂಢಿಯಿದೆ. ಮುಂದಾಳು ಹಾಡುಗಾರ ತೀರಿಕೊಂಡರೆ, ಹೆಣವನ್ನು ಕೂರಿಸಿ ಭಜನೆ ಶುರು ಮಾಡುವ ಮೊದಲು ಅವನದೇ ಪೇಟಿಯನ್ನು ತಂದು ಬರೀ ಸ್ವರ ಹಿಡಿಯುತ್ತಾರೆ. ಯಾರೂ ಹಾಡುವುದಿಲ್ಲ, ತಾಳ ಮುಟ್ಟುವುದಿಲ್ಲ. ಅವನು ಹಾಡಬೇಕಿದ್ದ ಜಾಗವನ್ನು ಖಾಲಿ ಬಿಡುವುದು ಅದು. ತನ್ನ ಗುರು ತೀರಿದಾಗ ಮಾವನೇ ಹಾಗೆ ಸ್ವರ ಹಿಡಿದು ಕೂತಿದ್ದನಂತೆ. ಅಷ್ಟು ತಿಳಿದವನಿಗೂ ಇದು ಹೊಳೆಯಲಿಲ್ಲ. ತಿಂಗಳುಗಟ್ಟಲೆ ಆ ನಾದದೊಳಗೇ ಇದ್ದು, ಅದು ಹೊರಗಿನವರಿಗೆ ಹೇಗೆ ಕೇಳುತ್ತದೆ ಎಂಬುದನ್ನು ನಾವಿಬ್ಬರೂ ಮರೆತಿದ್ದೆವು.

ಮಾವ ಚೆನ್ನಾಗಿದ್ದಾನೆ, ಇದು ಹೊಸ ಆಲ್ಬಮ್ ಎಂದು ಕೂಡಲೇ ಬರೆದೆ. ವಡಗೇರಾಕ್ಕೆ ಫೋನ್ ಮಾಡಿ ಹೇಳಿದೆ. ಆದರೆ ಕಕ್ಕೇರಾದವರು ಆಗಲೇ ಹೊರಟಿದ್ದರು, ದಾರಿಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಟೆಂಪೋ ಮನೆಯ ಮುಂದೆ ನಿಂತಿತು. ಮೊದಲು ಇಳಿದವರು ಮೇಳದ ತಾಳದವರು. ಹೊಲಮನೆ ಮಾಡಿಕೊಂಡಿರುವ ಒಬ್ಬ ಮುದುಕರು, ಹರೆಯದಿಂದ ಮಾವನ ಹಿಂದೆ ಕೂತು ತಾಳ ಹಾಕಿದವರು. ಕೈಯಲ್ಲಿ ಚೆಂಡು ಹೂವಿನ ದೊಡ್ಡ ಹಾರ. ಒಳಗೆ ಮಾವ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದ.

ಅತ್ತೆ ಬಾಗಿಲಲ್ಲೇ ನಿಂತು ಹಾರವನ್ನು ನೋಡಿದಳು. "ಯಾರಿಗ್ರಿ ಅದು? ತಂದವ್ರ ಹಾಕ್ಕೊಂಡು ಕೂಡ್ರಿ, ಚಹಾ ಇಡ್ತೀನಿ."

ತಾಳದವರು ಹೊಸ್ತಿಲಲ್ಲೇ ಕುಸಿದು ಕೂತರು. ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟ. ಟವೆಲಿನಿಂದ ಮುಖ ಒರೆಸಿಕೊಂಡು, "ಸಾಯೋದಕ್ಕೂ ರಿಹರ್ಸಲ್ ಮಾಡ್ತೀರೇನ್ರಿ ಮಾಸ್ತರ?" ಎಂದರು. ಟೆಂಪೋದಿಂದ ಇಳಿದವರೆಲ್ಲ ನಕ್ಕರು. ಮಾವನೂ ನಕ್ಕ, ಅವನ ನಗುವಿಗೆ ಸದ್ದಿರಲಿಲ್ಲ, ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಪಡಸಾಲೆ ತುಂಬಿತು. ಡೀಸೆಲ್ ಸುಟ್ಟದ್ದು ವ್ಯರ್ಥವಾಗಬಾರದೆಂದು ಒಬ್ಬರು, ದಾರಿಯುದ್ದಕ್ಕೂ ತಾಳದವರ ಅಳು ಸಹಿಸಿದ್ದಕ್ಕೆ ಹಾಡು ಬೇಕೆಂದು ಇನ್ನೊಬ್ಬರು. ಹೆಣದ ಭಜನೆಗೆಂದು ತಂದಿದ್ದ ತಾಳವನ್ನು ತಾಳದವರು ಚೀಲದಿಂದ ತೆಗೆದರು.

"ಒಂದ ನುಡಿ ಹಾಡ್ರಿ ಸಾಕು. ಕೆಮ್ಮು ಬಂದ್ರ ಬರಲಿ. ಜೀವಂತ ಅದೀರಿ ಅಂತ ಕಿವಿಲೆ ಕೇಳಿ ಹೋಗ್ತೀವಿ."

ನಾನು ಏನಾದರೂ ಹೇಳಬೇಕೆಂದುಕೊಂಡೆ. ಮಾವ ನನ್ನ ಕಡೆ ನೋಡದೆ ಪೇಟಿಯನ್ನು ಎಳೆದುಕೊಂಡ. ಸ್ವರ ಹಿಡಿದ. ತಾಳದವರು ತಾಳವನ್ನು ಎತ್ತಿ, ಮೊದಲ ಮಾತು ಬೀಳಲೆಂದು ಕಾದರು. ಮಾವ ಬಾಯಿ ತೆರೆದ. ಹೊರಗೆ ಬಂದದ್ದು ಉಸಿರು. ಆಲ್ಬಮ್ಮಿನಲ್ಲಿ ನಾನು ತೆಗೆಯಲೇ ಎಂದು ಕೇಳಿದ ಅದೇ ಉಸಿರು. ಅವನು ಇನ್ನೊಮ್ಮೆ ಪ್ರಯತ್ನ ಪಡಲಿಲ್ಲ. ಸ್ವರವನ್ನು ಮಾತ್ರ ಬಿಡದೆ ಹಿಡಿದೇ ಇದ್ದ. ತಾಳದವರ ಕೈಗಳು ಮೆಲ್ಲಗೆ ತೊಡೆಯ ಮೇಲೆ ಇಳಿದವು.

ಮಾವ ಅವರ ಕಡೆ ಬಗ್ಗಿದ. ಹತ್ತಿರವಿದ್ದ ನನಗೂ ಕೇಳಿಸಿತು. "ನೀ ತಂದ ಖಬರ ಪೂರಾ ಸುಳ್ಳಲ್ಲೋ. ದನಿ ಹೋಗಿ ವರ್ಷಾತು."

ಮಾವ ಮತ್ತೆ ಕೇಳಿದ: "ಅದನ್ನ ಕಡೀತನಕ ಕೇಳಿದೇನು?"

ಅವರು ತಲೆ ತಗ್ಗಿಸಿದರು. "ಇಲ್ರಿ ಮಾಸ್ತರ. ಸ್ವರ ಕೇಳಿದ ಕೂಡ್ಲೇ ಬಂದ್ ಮಾಡಿ ಟೆಂಪೋ ಹುಡುಕಾಕ ಹ್ವಾದ್ವಿ."

ಬಾಗಿಲ ಕಡೆ ಇದ್ದವರು ಮಾಸ್ತರರು ಏನಂದರು ಎಂದು ಕೇಳಿದರು. ಇವತ್ತು ಬೇಡವಂತೆ ಎಂದು ತಾಳದವರು ಹೇಳಿ, ತಾಳವನ್ನು ಚೀಲಕ್ಕೆ ಹಾಕಿಕೊಂಡರು. ಚಹಾ ಕುಡಿದು ಎಲ್ಲರೂ ಹೊರಟರು. ಹಾರವನ್ನು ಮರಳಿ ಒಯ್ಯುವುದು ಸರಿಯಲ್ಲವೆಂದು ಇಲ್ಲೇ ಬಿಟ್ಟರು. ಅತ್ತೆ ಅದನ್ನು ಯಾವ ದೇವರಿಗೂ ಹಾಕಲು ಮನಸ್ಸಾಗದೆ ಹಿತ್ತಿಲಿಗೆ ಒಯ್ದು ಮಣ್ಣಿಗೆ ಹಾಕಿದಳು.

ಆಮೇಲೆ ಭಜನೆಯ ಕರೆಗಳು ನಿಂತವು. ತಾಳದವರು ಯಾರಿಗೆ ಏನು ಹೇಳಿದರೋ ನನಗೆ ತಿಳಿಯದು. ಜ್ಯೇಷ್ಠಮಧು ಕಳಿಸುವುದೂ ನಿಂತಿತು. ಗ್ರೂಪಿನಲ್ಲಿ ಯಾರೂ ಆಲ್ಬಮ್ಮಿನ ಮಾತೆತ್ತಲಿಲ್ಲ. ಚೆನ್ನಾಗಿಲ್ಲ ಎಂದು ಬರೆದಿದ್ದರೂ ಮಾವನಿಗೆ ಸಮಾಧಾನವಾಗುತ್ತಿತ್ತೇನೋ. ಅವನು ಪೇಟಿಯ ಮೇಲೆ ಬಟ್ಟೆ ಹೊದಿಸಿಟ್ಟ.

ಮಳೆಗಾಲ ಕಳೆದ ಮೇಲೆ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಸುರಪುರಕ್ಕೆ ಹಾಕಿದರು. ಸಂಜೆಗಿಂತ ಮುಂಚೆ ಕೆಲಸ ಮುಗಿಸಿ ಬಸ್ಸಿಗೆಂದು ನಡೆದು ಬರುವಾಗ, ಒಂದು ಓಣಿಯಲ್ಲಿ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ತೀರಿಕೊಂಡ ಯಾರೋ ವಯಸ್ಸಾದವರನ್ನು ಹೂವಿನ ನಡುವೆ ಕೂರಿಸಿದ್ದರು. ಪಕ್ಕದಲ್ಲೊಂದು ಸ್ಪೀಕರ್. ಅದರಿಂದ ಬರುತ್ತಿದ್ದ ಸ್ವರವನ್ನು ನಾನು ಗುರುತಿಸದಿರುವುದು ಸಾಧ್ಯವಿರಲಿಲ್ಲ.

ರಸ್ತೆಯ ಈಚೆಗಿದ್ದ ಪಾನ್ ಅಂಗಡಿಯ ನೆರಳಿನಲ್ಲಿ ನಿಂತೆ. ಈಗ ಮೇಳದವರು ಸಿಗದ ಕಡೆಯೆಲ್ಲ ಇದನ್ನೇ ಹಚ್ಚುತ್ತಾರೆ, ಯಾರೋ ಮಾಸ್ತರರು ತೀರಿದಾಗ ಮಾಡಿದ್ದಂತೆ ಎಂದು ಅಂಗಡಿಯವನು ಹೇಳಿದ. ನಾನು ತಿದ್ದಲಿಲ್ಲ. ಅಳುವವರು ಅಳುತ್ತಿದ್ದರು, ಕುರ್ಚಿಯಲ್ಲಿ ಕೂತವರು ಫೋನ್ ನೋಡುತ್ತಿದ್ದರು. ಭೀಮಾ ಸೇತುವೆಯ ಗಾಳಿ ಬಂತು, ಮಿಲ್ಲಿನ ಮೊರೆತ ಬಂತು, ನಡುವೆ ಮಾವ ಉಸಿರಾಡಿದ. ಮುಗಿದ ಮೇಲೆ ಯಾರೋ ಎದ್ದು ಹೋಗಿ ಮತ್ತೆ ಮೊದಲಿನಿಂದ ಹಚ್ಚಿದರು.

ಮನೆಗೆ ಬಂದು ಹೇಳಬೇಕೋ ಬೇಡವೋ ಎಂದು ಊಟದವರೆಗೆ ತಡೆದೆ. ಆಮೇಲೆ ಹೇಳಿದೆ. ಮಾವ ನನ್ನ ಹತ್ತಿರ ಸರಿದು ಕೂತ.

"ಕಡೀತನಕ ಹಚ್ಚಿದ್ರೇನು?"

"ಹೂಂ, ಮಾಮಾ."

"ಉಸರೂ ಕೇಳಸ್ತೇನು?"

"ಕೇಳಸ್ತು."

"ನಡುವ ಯಾರೂ ಎದ್ದು ಹೋಗಲಿಲ್ಲ?"

ಇಲ್ಲ ಎಂದೆ. ಹೆಣದ ಮುಂದಿನಿಂದ ಹೇಗೆ ಎದ್ದು ಹೋಗುತ್ತಾರೆ ಎಂಬುದನ್ನು ಹೇಳಲಿಲ್ಲ.