ಶಿರಾದಿಂದ ತಂದ ಪವರ್ ಸಪ್ಲೈ

ಪಾವಗಡದಲ್ಲಿ ಕಂಪ್ಯೂಟರ್ ಆಫ್ ಆದರೆ ಯಾರೂ ಕಂಪ್ಯೂಟರನ್ನು ಬೈಯುವುದಿಲ್ಲ, ಕರೆಂಟನ್ನು ಬೈಯುತ್ತಾರೆ. ನಾನೂ ಅದನ್ನೇ ಮಾಡಿದೆ. ಆಟ ಜೋರಾದ ಹೊತ್ತಿಗೇ ನನ್ನ ಗೇಮಿಂಗ್ ಕಂಪ್ಯೂಟರ್ ಟಪ್ಪನೆ ಸತ್ತುಹೋಗುತ್ತಿತ್ತು. ಸ್ಟೆಬಿಲೈಸರ್ ತಂದಿಟ್ಟೆ. ಲೈನ್‌ಮನ್‌ನನ್ನು ರಸ್ತೆಯಲ್ಲಿ ಅಡ್ಡಹಾಕಿ ಜಗಳ ತೆಗೆದೆ. ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಹಾಸಿಕೊಂಡು ಊರೂರಿಗೆ ಕರೆಂಟ್ ಕಳಿಸುವ ತಾಲ್ಲೂಕಿನಲ್ಲಿ ನನ್ನೊಬ್ಬನ ರೂಮಿಗೇಕೆ ಈ ಗತಿ ಎಂದು ಕೂಗಾಡಿದೆ.

ನಾನು ಇಲ್ಲಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ಊರು ಮಧುಗಿರಿ. ಇಲ್ಲಿಗೆ ಬಂದು ವರ್ಷಗಳಾದರೂ ನನ್ನೊಡನೆ ಮಾತಾಡುವವರು ಸೂಜಿಗೆ ಹೆದರಿ ಮುಖ ಆಚೆ ತಿರುಗಿಸಿಕೊಂಡವರೇ. ಮದುವೆ ಆಗಲಿಲ್ಲ, ಅದರ ಕತೆ ಬೇಡ. ಸಂಜೆಗೆ ಜೊತೆಗಿದ್ದವನು ಒಬ್ಬನೇ ಒಬ್ಬ. ಮಧುಗಿರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ, ಈಗ ಕೊರಟಗೆರೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದಾನೆ. ಅವನು ಅಲ್ಲಿ, ನಾನು ಇಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಂದೇ ಆಟಕ್ಕೆ ಇಳಿಯುತ್ತಿದ್ದೆವು. ಆಟ ಬರೀ ನೆಪ. ಗುಂಡು ಹಾರಿಸುತ್ತಲೇ ಅವನು ಅಂದು ಅಂಗಡಿಗೆ ಬಂದ ತಲೆಹರಟೆ ಗಿರಾಕಿಯ ಕತೆ ಹೇಳುತ್ತಿದ್ದ, ನಾನು ನಗುತ್ತಿದ್ದೆ.

ಮೊದಮೊದಲು ನನ್ನ ಕಂಪ್ಯೂಟರ್ ಆಫ್ ಆದ ಮರುಕ್ಷಣ ಅವನ ಫೋನ್ ಬರುತ್ತಿತ್ತು. "ಎಲ್ಲೋದ್ಯಲಾ? ಗೆಲ್ಲೋ ಟೈಮ್ನಾಗೆ ಕೈ ಕೊಟ್ಬುಟ್ಟಲ್ಲ." ಆ ಬೈಗುಳ ಕೇಳುವುದಕ್ಕೇ ಹಿತವಾಗಿತ್ತು. ಅವನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಬರಬರುತ್ತಾ ಫೋನ್ ನಿಂತಿತು, ಆಮೇಲೆ ಅವನು ಆಟಕ್ಕೆ ಬರುವುದೂ ಅಪರೂಪವಾಯಿತು. ನಾನು ಲೆಕ್ಕ ಹಾಕಿದ್ದು ಇಷ್ಟೇ: ಈ ಹಾಳು ಯಂತ್ರ ಅರ್ಧ ದಾರಿಯಲ್ಲಿ ಬಿಟ್ಟುಹೋಗಿ ಬಿಟ್ಟುಹೋಗಿ ಅವನಿಗೆ ಬೇಸರ ಬಂದಿದೆ. ಇದು ಸರಿಹೋದರೆ ಅವನು ಬರುತ್ತಾನೆ.

ಎಂದಿನಂತೆ ದೀಪ ಆರಿಸಿಕೊಂಡು ಆಡುತ್ತಿದ್ದ ಒಂದು ಸಂಜೆ ಮತ್ತೆ ಆಫ್ ಆದಾಗ ಕಾಲು ಸುಟ್ಟ ಬೆಕ್ಕಿನಂತೆ ಕೆಳಗಿಳಿದು, ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದಂತೆ ಎಂದು ಮನೆ ಓನರ್ ಅಮ್ಮನನ್ನು ಕೇಳಿದೆ. ಅವರು ಟಿವಿಯಲ್ಲಿ ತೆಲುಗು ಧಾರಾವಾಹಿ ನೋಡುತ್ತಿದ್ದರು.

"ಕರೆಂಟ್ ಐತೆ ಕದಪ್ಪಾ," ಎಂದರು. "ನಿನ್ ರೂಮ್ನಾಗೇ ಏನೋ ಆಗೈತೆ."

ಮೇಲೆ ಹೋಗಿ ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿದೆ. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವ ಪವರ್ ಸಪ್ಲೈ ಡಬ್ಬಿ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದು. ಭಾನುವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಶಿರಾಕ್ಕೆ ಹೋದೆ.

ಅಲ್ಲಿನ ಕಂಪ್ಯೂಟರ್ ಅಂಗಡಿಯವರು ಡಬ್ಬಿಯನ್ನು ಅಂಗೈಯಲ್ಲಿ ಎತ್ತಿ ನೋಡಿ ನಕ್ಕರು. "ಭಾಯ್, ಎಷ್ಟು ಹಗುರ ಐತೆ ನೋಡಿ. ಮೇಲೆ ಬರೆದಿರೋ ವಾಟ್ ನಂಬ್ಬೇಡಿ. ಆಟ ಜೋರಾದಾಗ ಗ್ರಾಫಿಕ್ಸ್ ಕಾರ್ಡ್ ಒಂದೇ ಸಲ ಕರೆಂಟ್ ಎಳೀತದೆ, ಇದಕ್ಕೆ ತಾಕತ್ತಿಲ್ಲ." ಆಮೇಲೆ ಕೇಳಿದರು, "ಮುಂದೆ ಏನಾದ್ರೂ ಸೇರಿಸ್ತೀರಾ? ಅದಕ್ಕೂ ಸ್ವಲ್ಪ ಜಾಸ್ತಿ ವಾಟ್ ಇಟ್ಕೋಬೇಕು."

ಮುಂದೆ ಏನು ಸೇರಿಸುತ್ತೀಯಾ ಎಂದು ನನ್ನನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. "ಏನಿಲ್ಲ, ಇರೋದು ಉಳುದ್ರೆ ಸಾಕು" ಎಂದೆ. ಹಾಗೆಂದರೂ ಕೈ ಬಿಗಿ ಹಿಡಿಯಲಿಲ್ಲ. ಆರುನೂರೈವತ್ತು ವಾಟಿನ, ಕರೆಂಟ್ ಪೋಲು ಮಾಡುವುದಿಲ್ಲವೆಂಬ ಚಿನ್ನದ ಬಣ್ಣದ ಗುರುತಿದ್ದ, ಹತ್ತು ವರ್ಷ ಗ್ಯಾರಂಟಿಯದನ್ನೇ ಆರಿಸಿದೆ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಇನ್ನು ಹತ್ತು ವರ್ಷಕ್ಕೆ ಇಬ್ಬರ ತಲೆಯೂ ನೆರೆತಿರುತ್ತದೆ, ಆಗಲೂ ಆಡುತ್ತಿರುತ್ತೇವೆ ಎಂದುಕೊಂಡು ಒಬ್ಬನೇ ನಕ್ಕೆ. ಪಕ್ಕದವರು ಕೊಂಚ ಸರಿದು ಕೂತರು.

ಜೋಡಿಸಿ ಒಬ್ಬನೇ ಆಡಿ ನೋಡಿದೆ. ಯಂತ್ರ ಒಮ್ಮೆಯೂ ಆಫ್ ಆಗದೆ ಕಲ್ಲಿನಂತೆ ನಿಂತಿತು. ಮರುದಿನ ಸಂಜೆ ಗೆಳೆಯನಿಗೆ ಫೋನ್ ಮಾಡಿ ಕರೆದೆ. "ಬತ್ತೀನಿ ಬುಡು" ಎಂದವನು ಆಟಕ್ಕೆ ಬಂದೂ ಬಂದ. ನಾನು ಹುರುಪಿನಿಂದ ವಾಟು, ಗ್ಯಾರಂಟಿ, ಶಿರಾ ಅಂಗಡಿ ಎಲ್ಲ ಹೇಳಿದೆ. ಅವನು ಹೂಂ, ಹೂಂ ಎನ್ನುತ್ತಿದ್ದ. ಗಿರಾಕಿಗಳ ಕತೆ ಬರಲಿಲ್ಲ. ಹೆಡ್‌ಫೋನಿನಲ್ಲಿ ಅವನ ಹಿಂದೆ ಟಿವಿ ಹಾಡುವುದು ಕೇಳುತ್ತಿತ್ತು, ಮಗಳು ಅಪ್ಪಾ ಅಪ್ಪಾ ಎಂದು ಕರೆಯುತ್ತಿದ್ದಳು. ಒಂದು ಆಟ ಮುಗಿಯುವ ಮುಂಚೆಯೇ ಅವನು ಹೇಳಿದ, "ಲೇ, ಕರೆಂಟ್ ಹೋಯ್ತು ಕಣ್ಲಾ. ಇನ್ನೊಂದಿನ ಆಡಾನ."

ಅವನ ಮನೆಯಲ್ಲಿ ಯುಪಿಎಸ್ ಇಲ್ಲ. ಆದರೂ ಅವನ ಹಿಂದೆ ಟಿವಿ ಇನ್ನೂ ಹಾಡುತ್ತಲೇ ಇತ್ತು. ಅಷ್ಟು ಸಲ ಆಫ್ ಆಗಿದ್ದ ನಾನು ಒಂದು ಸಲವೂ ಅವನಿಗೆ ಹೇಳಿ ಹೋಗಿರಲಿಲ್ಲ. ಮಾತು ಬಾಯಲ್ಲಿದ್ದಂತೆಯೇ ಕಡಿದುಹೋಗುತ್ತಿತ್ತು. ಕರೆಂಟ್ ನಿಜಕ್ಕೂ ಹೋದವನು ಹೀಗೆ ಹೇಳಿ ಹೋಗಲಾರ. ಮಗಳ ಜೊತೆ ಆಡಬೇಕು ಎಂದಿದ್ದರೆ ನಾನೇನು ಬೇಡ ಎನ್ನುತ್ತಿದ್ದೆನೇ? ಸಿಟ್ಟು ಬರಲಿಲ್ಲ. ಆ ರೂಮಿನಲ್ಲಿ ನಾನು ತೀರಾ ಒಬ್ಬನೇ ಅನ್ನಿಸಿತು.

"ಆಯ್ತು ಬುಡು, ಕರೆಂಟ್ ಬಂದ್ಮೇಲೆ ಫೋನ್ ಮಾಡು" ಎಂದೆ.

"ಹೂಂ ಕಣ್ಲಾ" ಎಂದ.