ವಿಷದಮ್ಮನ ಕೊನೆಯ ಗುಳ್ಳೆ

ನಮ್ಮ ಚಿತ್ರಕಥೆಯ ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಗುಳ್ಳೆಯಕ್ಕ ಎಂದೇ ಕರೆಯುತ್ತಿದ್ದೆವು. ಚಿತ್ರದಲ್ಲಿರುವವರ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳನ್ನು ಇಪ್ಪತ್ತೆರಡು ವರ್ಷ ಕೈಯಲ್ಲೇ ಬರೆದವಳು. ಹೊಸಬರು ಯಾರಾದರೂ ಹಾಗೆ ಕರೆದರೆ, "ಮೊದಲು ನೆಟ್ಟಗೆ ಗೆರೆ ಎಳೆಯೋದು ಕಲಿ, ಆಮೇಲೆ ಹೆಸರಿಡುವಿಯಂತೆ" ಎಂದು ರೇಗುತ್ತಿದ್ದಳು.

ನಮ್ಮ ವಾರದ ಪುಸ್ತಕ 'ಏಳು ಖದೀಮರು'. ಜೈಲಿನಲ್ಲಿರುವ ಏಳು ಮಂದಿ ಮಹಾ ಖೂಳರನ್ನು ಸರ್ಕಾರ ಗುಟ್ಟಾಗಿ ಹೊರಗೆ ಬಿಟ್ಟು, ಇನ್ನಾರೂ ಮಾಡಲಾಗದ ಕೆಲಸಕ್ಕೆ ಅಟ್ಟುತ್ತದೆ. ಸಿಕ್ಕಿಬಿದ್ದರೆ 'ಇವರು ಯಾರೋ ನಮಗೆ ಗೊತ್ತಿಲ್ಲ' ಎಂದು ಕೈ ತೊಳೆದುಕೊಳ್ಳುತ್ತದೆ. ಆ ಏಳರಲ್ಲಿ ವಿಷದಮ್ಮ ಒಬ್ಬಳು. ಕುಳ್ಳಿ, ಬಾಯಿಬಡುಕಿ, ಉಸಿರು ಬಿಟ್ಟರೆ ಎದುರಿಗಿದ್ದವನು ಮೂರ್ಛೆ ಹೋಗಬೇಕು. ಕಥೆಗಾರ ಕೊಟ್ಟ ಅವಳ ಮಾತನ್ನು ಅಕ್ಕ ಬರೆಯುವಾಗ ಸದ್ದಿಲ್ಲದೆ ತಿದ್ದುತ್ತಿದ್ದಳು. 'ಬೇಗ ಬನ್ನಿ' ಎಂದಿದ್ದರೆ 'ನಾಟಕ ಸಾಕು, ಕಾಲು ಕಿತ್ತು ಇಡ್ರಪ್ಪಾ' ಎಂದಾಗುತ್ತಿತ್ತು. ಓದುಗರಿಗೂ ಅದು ಹಿಡಿಸಿತ್ತು, ಯಾರೂ ಕೇಳಲಿಲ್ಲ.

ಆ ಮಾತೆಲ್ಲ ಅಕ್ಕನ ತಂಗಿಯದು. ತಂಗಿ ಇದ್ದದ್ದು ನಿಜವಾದ ಜೈಲಿನಲ್ಲಿ. ಕೆಲಸದಿಂದ ತೆಗೆದ ಸಿಟ್ಟಿಗೆ ಯಜಮಾನನ ಗೋದಾಮಿಗೆ ಬೆಂಕಿ ಇಟ್ಟು ತಲೆಮರೆಸಿಕೊಂಡಿದ್ದಳು. ಅವಳು ಅಡಗಿದ್ದ ಮನೆಯನ್ನು ಪೊಲೀಸರಿಗೆ ತೋರಿಸಿದವಳು ಅಕ್ಕನೇ. ಅಲ್ಲಿಂದ ಆರು ವರ್ಷ ತಂಗಿ ಮುಖ ತೋರಿಸಲಿಲ್ಲ. ಬರೆದ ಕಾಗದ ವಾಪಸ್, ಕಳಿಸಿದ ಸ್ವೆಟರ್ ವಾಪಸ್. ಅಕ್ಕ ಅಚ್ಚುಮನೆಯಿಂದಲೇ ವಾರವಾರ ಅಂಚೆಗೆ ಹಾಕಿಸುತ್ತಿದ್ದ 'ಏಳು ಖದೀಮರು' ಮಾತ್ರ ಒಮ್ಮೆಯೂ ವಾಪಸ್ ಬರಲಿಲ್ಲ. ಅದೊಂದನ್ನೇ ನೆಚ್ಚಿಕೊಂಡು ಅಕ್ಕ ಬದುಕಿದ್ದಳು. ಇದು ಆಗ ನನಗೆ ಗೊತ್ತಿರಲಿಲ್ಲ ನೋಡಿ. ಗೊತ್ತಿದ್ದಿದ್ದರೆ ಆ ದಿನ ನನ್ನ ಕೈ ಸುಮ್ಮನಿರುತ್ತಿತ್ತು.

ಆ ದಿನ ಸಂಪಾದಕರು ವಿಷದಮ್ಮನನ್ನು ಕೊಲ್ಲಬೇಕೆಂದು ತೀರ್ಮಾನಿಸಿದ್ದರು. ಕೊನೆಯ ಚಿತ್ರದಲ್ಲಿ ಕುಸಿಯುತ್ತಿರುವ ಸುರಂಗ, ಕರಿ ಮುಸುಕು ಹಾಕಿದ ಏಳು ಜನ, ಒಂದೇ ಗುಳ್ಳೆ: 'ನೀವು ಹೋಗಿ, ಬಾಗಿಲು ನಾನು ಹಿಡ್ಕೊಂಡಿರ್ತೀನಿ.' ಗುಳ್ಳೆಯ ಬಾಲ ಯಾರ ಕಡೆ ತಿರುಗಿದೆಯೋ ಅವರು ಸತ್ತಂತೆ. ನಮ್ಮಲ್ಲಿ ಒಂದು ಕಟ್ಟುನಿಟ್ಟಿತ್ತು. ಒಮ್ಮೆ ಅಚ್ಚಾದದ್ದನ್ನು ತಿದ್ದುವ ಹಾಗಿಲ್ಲ, ಕಥೆಗಾರ ಬಾಯಿ ಮುಚ್ಚಿಕೊಂಡು ಅಲ್ಲಿಂದಲೇ ಮುಂದುವರಿಸಬೇಕು.

ಅಕ್ಕ ಮಾತು ಬರೆದು, ಗುಳ್ಳೆಯನ್ನು ಪೆನ್ಸಿಲಿನಲ್ಲಿ ಎಳೆದು ಕೊಟ್ಟರೆ ಅದರ ಮೇಲೆ ಮಸಿ ಎಳೆಯುವುದು ನನ್ನ ಕೆಲಸ. ಪುಟ ಅಚ್ಚಿಗೆ ಹೋಗಬೇಕಾದದ್ದು ನಾಲ್ಕಕ್ಕೆ. ಅಕ್ಕ ಕೊಟ್ಟಾಗ ಹತ್ತೇ ನಿಮಿಷ ಉಳಿದಿತ್ತು. ಎಂದೂ ತಡಮಾಡಿದವಳಲ್ಲ. ಸಂಪಾದಕರು ನನ್ನ ಕುರ್ಚಿಯ ಹಿಂದೆಯೇ ಶತಪಥ ಹಾಕುತ್ತಿದ್ದರು. ನೋಡಿದರೆ ಬಾಲ ಕುಳ್ಳಿಯ ಕಡೆಗಿಲ್ಲ, ಪಕ್ಕದ ಇನ್ನೊಬ್ಬ ಖದೀಮ, ಗೂನುಬೆನ್ನಿನ ಬಾಂಬ್ ತಾತನ ಕಡೆಗಿದೆ! ಅಕ್ಕನಿಗೆ ಕಣ್ಣು ಮಂಜಾಗುತ್ತಿತ್ತು. ಆ ತಿಂಗಳಲ್ಲೇ ಎರಡು ಸಲ ತಪ್ಪಿದ್ದಳು. "ಇನ್ನೊಂದು ತಪ್ಪಾದ್ರೆ ಮನೆಗೆ ಹೋಗಿ" ಎಂದು ಸಂಪಾದಕರು ಎಲ್ಲರೆದುರಿಗೇ ಹೇಳಿದ್ದರು.

ತಲೆ ಎತ್ತಿದೆ. ಅಕ್ಕ ನನ್ನನ್ನೇ ದಿಟ್ಟಿಸುತ್ತಿದ್ದಳು, ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದಳು. ಪಾಪ, ತಪ್ಪು ಗೊತ್ತಾಗಿ ಹೆದರಿದ್ದಾಳೆ ಅಂದುಕೊಂಡೆ. ನಾನಿದ್ದೇನೆ ಬಿಡು ಎಂಬಂತೆ ಕಣ್ಣು ಮಿಟುಕಿಸಿದೆ. ಅವಳ ಮುಖ ಸಡಿಲಾಯಿತು. ಪೆನ್ಸಿಲ್ ಗೆರೆ ಅಳಿಸಿ ಬಾಲವನ್ನು ವಿಷದಮ್ಮನ ಕಡೆಗೆ ತಿರುಗಿಸಿ ಮಸಿ ಎಳೆದೆ. ಸಂಪಾದಕರು ಪುಟ ಕಿತ್ತುಕೊಂಡು ಓಡಿದರು. ದೊಡ್ಡ ಉಪಕಾರ ಮಾಡಿದವನ ಹಾಗೆ ನಾನು ಬೀಗಿದೆ, ದಡ್ಡ ಶಿಖಾಮಣಿ!

ಅಚ್ಚಾದ ಪುಸ್ತಕ ಅಕ್ಕನ ಕೈಗೆ ಬರುವ ಹೊತ್ತಿಗೆ ಜೈಲಿನ ಪ್ರತಿ ಅಂಚೆಗೆ ಹೋಗಿಯಾಗಿತ್ತು. ನಾಲ್ಕನೆಯ ದಿನ ಅದು ವಾಪಸ್ ಬಂತು. ಕೊನೆಯ ಪುಟ ಹರಿದಿತ್ತು. ಅಕ್ಕ ನನ್ನ ಮೇಜಿನ ಮೇಲೆ ಅದನ್ನು ಎಸೆದು, "ಏನೋ ಮಾಡಿದೆ ನೀನು? ಎರಡನೇ ಸಲಾನೂ ನಾನೇ ಹಿಡಿದುಕೊಟ್ಟೆ ಅಂದ್ಕೊಂಡಿದ್ದಾಳಲ್ಲೋ!" ಎಂದು ಅಲ್ಲೇ ಕುಸಿದು ಅತ್ತಳು. ಎಲ್ಲವನ್ನೂ ಹೇಳಿದ್ದು ಆಗಲೇ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಾನೇ ಜೈಲಿಗೆ ಭೇಟಿಯ ಅರ್ಜಿ ಹಾಕಿ, ಜೊತೆಗೆ ತಂಗಿಗೆ ಒಂದು ಚೀಟಿ ಬರೆದೆ. 'ಆ ಬಾಲ ತಿರುಗಿಸಿದವನು ನಾನು, ಒಮ್ಮೆ ಭೇಟಿಗೆ ಒಪ್ಪಿ' ಎಂದಷ್ಟೇ. ಮೂರು ವಾರ ಉತ್ತರವಿಲ್ಲ. ಅಕ್ಕ ಊಟ ಬಿಟ್ಟು ಅರ್ಧ ಆಗಿದ್ದಳು. ಕೊನೆಗೆ ಒಪ್ಪಿಗೆ ಬಂತು, ಒಬ್ಬರಿಗೆ ಮಾತ್ರ, ಹತ್ತು ನಿಮಿಷ. ಆದರೂ ಅಕ್ಕ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಳು.

ಗಾಜಿನ ಆಚೆ ಕುಳಿತವಳು ಕುಳ್ಳಿಯೇನೂ ಅಲ್ಲ, ನನಗಿಂತ ಎತ್ತರ.

"ನನ್ನ ಕೊಂದೋನು ನೀನೇನಾ?" ಎಂದಳು.

ತಡವರಿಸುತ್ತಾ ಎಲ್ಲ ಹೇಳಿದೆ, ಪೆನ್ಸಿಲ್ ಗೆರೆ, ಅಕ್ಕನ ಕಣ್ಣು, ನನ್ನ ಬುದ್ಧಿಗೇಡಿತನ. ಅವಳು ರೆಪ್ಪೆ ಬಡಿಯದೆ ಕೇಳಿದಳು.

"ಅವಳು ಯಾರ ಕಡೆ ತಿರುಗಿಸಿದ್ಲು?"

"ಬಾಂಬ್ ತಾತನ ಕಡೆ. ಸಿಕ್ಕಿಬಿದ್ದಿದ್ರೆ ಅವತ್ತೇ ಕೆಲಸ ಹೋಗ್ತಿತ್ತು. ಗೊತ್ತಿದ್ದೇ ಮಾಡಿದ್ರು."

ಅವಳು ಮೂಗು ಒರೆಸಿಕೊಂಡಳು. ಮುಗಿಯಿತು, ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ಬಾಗಿಲಲ್ಲಿದ್ದ ಕಾವಲಿನವಳ ಕಡೆ ತಿರುಗಿ, "ಇನ್ನೆಷ್ಟು ಹೊತ್ತಿದೆ?" ಎಂದು ಕೇಳಿದಳು.

"ನಾಲ್ಕು ನಿಮಿಷ."

"ಒಬ್ಬರು ತಾನೇ ಇರಬೇಕಾದ್ದು? ಇವನು ಎದ್ದು ಹೋಗ್ತಾನೆ," ಎಂದು ನನ್ನತ್ತ ಕೈ ಬೀಸಿದಳು. "ಏಳಪ್ಪಾ, ನಾಟಕ ಸಾಕು. ಹೊರಗೆ ಕೂತಿರ್ತಾಳೆ, ನನಗೆ ಗೊತ್ತು. ಬೇಗ ಕಳ್ಸು."